ಗಂಟಲು ಮರಗಟ್ಟಿರುವಷ್ಟು ಹೊತ್ತು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಗ್ಯಾಸ್ ಆರಿದೆಯೋ ಇಲ್ಲವೋ ನೋಡಿ ಬರುತ್ತೇನೆ. ಬಾಗಿಲಿಗೆ ಕೀಲಿ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಹೋಗಿ ಆ ಕೀಲಿಯನ್ನೇ ಜಗ್ಗಿ ನೋಡುತ್ತೇನೆ. "ಏನವಾ, ಬುಡಕ ಕೆಂಡ ಇಟ್ಟಾರೇನ ನಿನಗ? ನಾಕ ತುತ್ತು ಸಮಾಧಾನದಿಂದ ಉಣ್ಣಬಾರದ?" ಎಂದು ಅವ್ವ ಬೈಯುತ್ತಾಳೆ. ಅವಳು ಧಾರವಾಡ ಬಿಟ್ಟು ಪುಣೆಗೆ ಬಂದು ಧನಕವಡಿಯಲ್ಲಿ ನನ್ನ ಜತೆ ಇರತೊಡಗಿದ ಮೇಲೆ ನನ್ನನ್ನು ಬೈಯುವುದೇ ಅವಳಿಗೊಂದು ಉದ್ಯೋಗವಾಗಿದೆ. ಬೈಯಲಿ ಬಿಡಿ. ಈ ಚಡಪಡಿಕೆಯಿಂದಲೇ ನನ್ನ ಹೊಟ್ಟೆ ತುಂಬುತ್ತದೆ ಎಂದು ಎಷ್ಟು ಹೇಳಿದರೂ ಅವಳು ನಂಬುವುದಿಲ್ಲ.

ನಾನು ಅರಿವಳಿಕೆ ಡಾಕ್ಟರು. ಯಾವ ಆಸ್ಪತ್ರೆಯಲ್ಲೂ ಕಾಯಂ ನೌಕರಿಯಿಲ್ಲ. ಸರ್ಜನ್ನುಗಳು ಫೋನು ಮಾಡುತ್ತಾರೆ, ನಾನು ಕಾರಿನ ಹಿಂದಿನ ಸೀಟಿನಲ್ಲಿ ಬ್ಯಾಗು ಇಟ್ಟುಕೊಂಡು ಹೋಗುತ್ತೇನೆ. ಬೆಳಿಗ್ಗೆ ಊರ ನಡುವಿನ ದೊಡ್ಡ ಆಸ್ಪತ್ರೆ, ಮಧ್ಯಾಹ್ನ ಕಾತ್ರಜದ ಕಡೆಯ ಒಂದು ನರ್ಸಿಂಗ್ ಹೋಮು, ಸಂಜೆ ಇನ್ನೆಲ್ಲೋ. ಪೇಷಂಟುಗಳಿಗೆ ಸರ್ಜನ್ನಿನ ಹೆಸರು ಜನ್ಮವಿಡೀ ನೆನಪಿರುತ್ತದೆ. ನನ್ನ ಮುಖ ನೋಡಿದ ಎರಡು ನಿಮಿಷಕ್ಕೆ ನಾನೇ ಅವರನ್ನು ಮಲಗಿಸಿರುತ್ತೇನೆ, ಇನ್ನು ನೆನಪು ಎಲ್ಲಿಂದ ಬರಬೇಕು! ಅದಕ್ಕೆ ನನಗೇನೂ ಬೇಜಾರಿಲ್ಲ. ಎದ್ದು ಕೂತು ನೀರು ಕೇಳಿದರೆ ಸಾಕು, ನನ್ನ ಕೆಲಸ ಮುಗಿಯಿತು.

ಆದರೆ ಮಕ್ಕಳ ಉಸಿರುದಾರಿಯ ಕೆಲಸ ಎಂದರೆ ಹಿಂದಿನ ದಿನದಿಂದಲೇ ನನ್ನ ಕೈಕಾಲು ಆಡತೊಡಗುತ್ತವೆ. ಸಣ್ಣ ಕೂಸಿನ ಉಸಿರುಕೊಳವೆ ಎಳನೀರು ಕುಡಿಯುವ ನಳಿಗೆಗಿಂತ ಅಷ್ಟೇನೂ ದಪ್ಪ ಇರುವುದಿಲ್ಲ. ಅದರ ಬಾಗಿಲಲ್ಲಿ ಎರಡು ಧ್ವನಿತಂತು. ಮಲಗಿಸಿದ್ದರೂ ಅಲ್ಲಿಗೆ ಏನಾದರೂ ತಾಗಿತೆಂದರೆ ಬಾಗಿಲು ಸಿಟ್ಟಿನಿಂದ ಫಟ್ಟನೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಗಾಳಿ ಒಳಗೆ ಹೋಗುವುದಿಲ್ಲ, ಕೂಸು ನೀಲಿಗಟ್ಟುತ್ತದೆ. ಹಾಗಾಗಬಾರದೆಂದು ಆ ಬಾಗಿಲಿಗೆ ಮರಗಟ್ಟಿಸುವ ಔಷಧವನ್ನು ಸಿಂಪಡಿಸುತ್ತೇವೆ. ಹಲ್ಲು ಕೀಳುವಾಗ ವಸಡಿಗೆ ಚುಚ್ಚುತ್ತಾರಲ್ಲ, ಆ ಜಾತಿಯದೇ ಔಷಧ. ಬಾಗಿಲಿಗೆ ಜೋಮು ಹಿಡಿದರೆ ಅದಕ್ಕೆ ಸಿಟ್ಟು ಬರುವುದಿಲ್ಲ.

ಕೇಳಲಿಕ್ಕೆ ಎಷ್ಟು ಸರಳ! ಆದರೆ ಆ ದಾರಿಯ ಹಸಿ ಚರ್ಮ ಔಷಧವನ್ನು ಹೀರುವ ಪರಿ ನೋಡಿದರೆ ರಕ್ತನಾಳಕ್ಕೇ ಚುಚ್ಚಿದಂತೆ. ಅಳತೆ ಮೀರಿದರೆ ಮರಗಟ್ಟಬೇಕಾದ ಗಂಟಲನ್ನು ಬಿಟ್ಟು ಔಷಧ ಮಿದುಳಿಗೆ ಹೋಗಿ ಕೂರುತ್ತದೆ, ಫಿಟ್ಸು ಬರುತ್ತದೆ, ಎದೆಬಡಿತ ಎಡವುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತನ್ನು ಯಾರು ಹೇಳಿದರೋ, ನನ್ನ ಕಸುಬಿನವರೇ ಇರಬೇಕು. ಮತ್ತೆ ಈ ಅತಿಯನ್ನು ಯಾರೂ ಒಬ್ಬರೇ ಮಾಡುವುದಿಲ್ಲ. ಊರಿನ ಡಾಕ್ಟರು ಬಾಯಿಹುಣ್ಣಿಗೆಂದು ಒಂದಿಷ್ಟು ಜೆಲ್ ಹಚ್ಚಿರುತ್ತಾರೆ, ಸರ್ಜನ್ನು ಒಂದಿಷ್ಟು ಸಿಂಪಡಿಸುತ್ತಾರೆ, ನಾನು ಒಂದಿಷ್ಟು ಸಿಂಪಡಿಸುತ್ತೇನೆ. ಎಲ್ಲರದೂ "ಸ್ವಲ್ಪ." ಕೂಸಿನ ಮೈ ಮಾತ್ರ ಎಲ್ಲರ ಸ್ವಲ್ಪವನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ.

ಅದಕ್ಕೆ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಅದನ್ನು ಕಲಿತದ್ದು ಕಾಲೇಜಿನಲ್ಲಲ್ಲ, ಧಾರವಾಡದ ನಮ್ಮ ಅಡುಗೆಮನೆಯಲ್ಲಿ. ನಮ್ಮ ಅಜ್ಜಿ ಬೆಳಿಗ್ಗೆ ಎಣ್ಣೆಯ ಡಬ್ಬಿಯಿಂದ ಆ ದಿನಕ್ಕೆ ಬೇಕಾದಷ್ಟನ್ನು ಒಂದು ಸಣ್ಣ ಮಿಳ್ಳಿ ಪಾತ್ರೆಗೆ ಹಾಕಿ ಒಲೆಯ ಹತ್ತಿರ ಇಡುತ್ತಿದ್ದಳು. ಒಗ್ಗರಣೆಗೆ, ಪಲ್ಯಕ್ಕೆ, ದೀಪಕ್ಕೆ ಎಲ್ಲಕ್ಕೂ ಅದರಲ್ಲೇ ಆಗಬೇಕು. ಅದು ಖಾಲಿಯಾದರೆ ಖಾಲಿ. ಡಬ್ಬಿಗೆ ಮತ್ತೆ ಕೈ ಹಾಕುವಂತಿಲ್ಲ. ನಾನೂ ಕೂಸಿನ ತೂಕಕ್ಕೆ ಎಷ್ಟು ಸಲ್ಲುತ್ತದೋ ಅಷ್ಟನ್ನು ಮಾತ್ರ ಒಂದೇ ಸಿರಿಂಜಿಗೆ ಎಳೆದುಕೊಂಡು ಬಾಟಲಿಯನ್ನು ಹೊರಗೆ ಕಳಿಸಿಬಿಡುತ್ತೇನೆ. ದೊಡ್ಡವರಿಗೆಂದು ಮಾಡಿದ ಸ್ಪ್ರೇ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಒಮ್ಮೆ ಒತ್ತಿದರೆ ಎಷ್ಟು ಬೀಳುತ್ತದೆಂಬ ಅಂದಾಜಿಲ್ಲದೆ ಒತ್ತುವವರು ಎಲ್ಲ ಕಡೆ ಇರುತ್ತಾರೆ.

ಹೋದ ವರ್ಷ ಪುಣೆಯ ಹತ್ತಿರದ ಶಿರೂರಿನಿಂದ ಒಂದು ಕೂಸು ಬಂತು. ಒಂದೂವರೆ ವರ್ಷದ ಹುಡುಗಿ. ಮನೆಯಲ್ಲಿ ಅವಳ ಅವ್ವ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲಿಕ್ಕೆಂದು ಶೇಂಗಾ ಹುರಿದು ಸಿಪ್ಪೆ ತೆಗೆಯುತ್ತ ಕೂತಿದ್ದಾಗ ಇವಳು ಒಂದು ಕಾಳು ಬಾಯಿಗೆ ಹಾಕಿಕೊಂಡು, ನಕ್ಕು, ಕೆಮ್ಮಿ, ನೀಲಿಯಾಗಿ, ಮತ್ತೆ ಸರಿಯಾಗಿದ್ದಳಂತೆ. ಸರಿಯಾಯಿತು ಎಂದು ಎಲ್ಲರೂ ಸುಮ್ಮನಾದರು. ಮರುದಿನ ಉಸಿರಾಡುವಾಗ ಸೀಟಿ ಹೊಡೆದಂಥ ಸದ್ದು ಶುರುವಾಯಿತು. ಎಕ್ಸ್‌ರೇಯಲ್ಲಿ ಒಂದು ಕಡೆಯ ಪುಪ್ಪುಸ ಉಬ್ಬಿ ಕೂತಿತ್ತು. ಕಾಳು ಬಲಗಡೆಯ ಕವಲಿನಲ್ಲಿ ಸಿಕ್ಕಿಕೊಂಡಿತ್ತು. ತೆಗೆಯದಿದ್ದರೆ ಕೂಸು ಉಳಿಯುವುದಿಲ್ಲ, ತೆಗೆಯಲು ಹೋದಾಗ ಏನಾದರೂ ಹೆಚ್ಚುಕಮ್ಮಿ ಆದರೂ ಉಳಿಯುವುದಿಲ್ಲ.

ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ವಾರ್ಡಿನಲ್ಲಿ ಕೂಸಿನ ಅಜ್ಜಿ, ಅವ್ವ, ಅಪ್ಪ ಮೂವರೂ ಇದ್ದರು. ಬೆಳಗಾವಿ ಕಡೆಯ ಜನ, ಶಿರೂರಿನಲ್ಲಿ ಬಟ್ಟೆ ಅಂಗಡಿ. ನಾನು ಮರಾಠಿಯಲ್ಲಿ ಶುರು ಮಾಡಿದೆ. ಅಜ್ಜಿ ಮಗನ ಕಡೆ ತಿರುಗಿ, "ಇಕಿ ಏನ ಹೇಳಾಕತ್ತಾಳೋ, ಭಾಳ ಜೋರ ಮಾತಾಡ್ತಾಳ" ಎಂದಳು. "ಜೋರ ಮಾತಾಡ್ದಿದ್ರ ನಿಮಗ ಕೇಳ್ತಿತ್ತೇನ್ರಿ ಅವ್ವಾರ?" ಎಂದೆ ಕನ್ನಡದಲ್ಲಿ. ಅಜ್ಜಿ ಕಣ್ಣು ಅಗಲಿಸಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಯ್ಯ ನಮ್ಮವ್ವಾ! ನಮ್ಮ ಪೈಕಿನ ಬಾಯಾರು ಸಿಕ್ರಲ್ಲೋ!" ಎಂದು ಅತ್ತೇಬಿಟ್ಟಳು. ಪುಣೆಯಲ್ಲಿ ಕನ್ನಡ ಕೇಳಿದರೆ ನಮ್ಮ ಜನಕ್ಕೆ ಅರ್ಧ ರೋಗ ವಾಸಿಯಾಗುತ್ತದೆ. ನಿಜ ಹೇಳಬೇಕೆಂದರೆ ನನಗೂ ಹಿಗ್ಗಾಗುತ್ತದೆ.

ಅಲ್ಲಿಂದ ಮುಂದೆ ಮಾತೆಲ್ಲ ಅಜ್ಜಿಯದೇ. ಕೂಸಿನ ಅವ್ವ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಹುಡುಗಿ, ಮಗುವನ್ನು ಎದೆಗವಚಿಕೊಂಡು ನೆಲ ನೋಡುತ್ತ ಕೂತಿದ್ದಳು. "ಇಕಿನ ನೋಡ್ರಿ ಬಾಯಾರ, ಮುಂದ ಶೇಂಗಾದ ಬುಟ್ಟಿ ಇಟಗೊಂಡು ಕೂಸಿನ್ನ ಬಗಲಾಗ ಕುಂದ್ರಿಸ್ಯಾಳ. ಕಣ್ಣು ಎಲ್ಲಿದ್ದವೋ ಏನೋ!" ಎಂದು ಅಜ್ಜಿ ಬರುವವರಿಗೆಲ್ಲ, ನರ್ಸಿಗೂ ಕಸ ಗುಡಿಸುವವಳಿಗೂ ಹೇಳಿಯಾಗಿತ್ತು. ಸೊಸೆ ಹಾಂ ಹೂಂ ಏನೂ ಅನ್ನಲಿಲ್ಲ. ನಾನು ಅವಳನ್ನೇ ನೇರವಾಗಿ ಏನಾದರೂ ಕೇಳಿದರೂ ಬಾಯಲ್ಲಿ ಕಡುಬು ತುರುಕಿಕೊಂಡವಳ ಹಾಗೆ ಅತ್ತೆಯ ಮುಖ ನೋಡುತ್ತಿದ್ದಳು. ನನಗೆ ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ಕೂಸು ಯಾರದು, ಹೇಳಮ್ಮ ಬಾಯಿ ಬಿಟ್ಟು ಎನ್ನಬೇಕೆನ್ನಿಸುತ್ತದೆ. ಅವಳ ಗೊಡವೆ ಬೇಡವೆಂದು ಅಜ್ಜಿಯನ್ನೇ ಕೇಳತೊಡಗಿದೆ.

"ತೂಕ ಎಷ್ಟ ಅದರಿ ಕೂಸಿಂದು?"

"ತೂಕ ಬಾಯಿಲೆ ಹೇಳಬಾರದ್ರಿ, ದೃಷ್ಟಿ ತಾಗ್ತದ."

"ನೀವು ಹೇಳಬ್ಯಾಡ್ರಿ, ತಕ್ಕಡಿ ಹೇಳಲಿ" ಎಂದು ನಾನೇ ಕೂಸನ್ನು ಒಯ್ದು ತೂಗಿದೆ. ಅಜ್ಜಿ ಹಿಂದೆಯೇ ಬಂದು, ತಕ್ಕಡಿ ನೋಡದೆ, ಕೂಸಿನ ಗಲ್ಲ ಸವರಿ ನೆಟಿಗೆ ಮುರಿದಳು. ತೂಕ ಕಡಿಮೆಯೇ ಇತ್ತು. ಮನೆಯವರ ಮಾತು ನಂಬಿ ಔಷಧ ಎಳೆದುಕೊಳ್ಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ.

"ಬಾಯಿಹುಣ್ಣು, ಹಲ್ಲು ಬರೂದು ಅಂತ ಏನರ ಹಚ್ಚೀರೇನು?"

"ಇಲ್ರಿ."

"ಹೊಟ್ಟಿಗೆ ಏನರ ಕೊಟ್ಟೀರೇನು?"

"ನಿನ್ನಿ ರಾತ್ರಿಯಿಂದ ಏನೂ ಇಲ್ರಿ. ಉಪಾಸ ಅದ ಕೂಸು."

"ಹಾಲು?"

"ಇಲ್ರಿ."

"ನೀರು?"

"ನೀರ ಸೈತ ಇಲ್ರಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನಾನು ನಮ್ಮ ಅವ್ವನ ಮಗಳು. ಏಕಾದಶಿಯ ದಿನ ಅವ್ವ ಏನೇನನ್ನು ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

"ತೀರ್ಥ?" ಎಂದೆ.

"ತೀರ್ಥ ಕೊಟ್ಟೀನ್ರಿ ಮತ್ತ ಮುಂಜಾನೆ ಒಂದು ಚಮಚ! ಆಪರೇಷನ್ನಿಗೆ ಹೊಂಟ ಕೂಸಿಗೆ ತೀರ್ಥ ಇಲ್ಲದ ಕಳಸ್ತಾರೇನ್ರಿ?" ಎಂದು ಅಜ್ಜಿ ನನ್ನನ್ನೇ ದಬಾಯಿಸಿದಳು. "ತೀರ್ಥ ಅಂದ್ರ ನೀರೇನ್ರಿ?"

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನಸುಕಿನಲ್ಲಿ ಕೊಟ್ಟ ಒಂದು ಚಮಚ ನೀರು, ತೊಂದರೆಯೇನೂ ಇರಲಿಲ್ಲ. ಆದರೂ ನಿಂತಲ್ಲಿ ನಿಲ್ಲಲಾಗದೆ ಕಾರಿಡಾರಿನ ಆ ತುದಿಗೆ ಹೋಗಿ ಈ ತುದಿಗೆ ಬಂದೆ.

ಆಪರೇಷನ್ ಕೋಣೆಯಲ್ಲಿ ಕಿವಿ-ಮೂಗು-ಗಂಟಲಿನ ಸರ್ಜನ್ನು ಕಾಯುತ್ತಿದ್ದರು. ಮರಾಠಿಯವರು, ಕೈ ಬಂಗಾರದಂಥದ್ದು, ತಾಳ್ಮೆ ಮಾತ್ರ ನನಗಿಂತ ಕಡಿಮೆ. ಇಬ್ಬರು ಅವಸರದವರು ಒಂದು ಕೂಸಿನ ತಲೆಯ ಹತ್ತಿರ ನಿಂತರೆ ಹೇಗಿರುತ್ತದೆ ಯೋಚಿಸಿ. ಕೂಸಿಗೆ ಗಾಳಿಯಲ್ಲಿ ಔಷಧ ಕೊಟ್ಟು ಮಲಗಿಸಿದೆ, ಉಸಿರು ಅದರದೇ ನಡೆಯುವಂತೆ ಬಿಟ್ಟೆ. ಬಾಯೊಳಗೆ ದೀಪ ಹಿಡಿದು ನೋಡಿದಾಗ ಆ ಎರಡು ಬಿಳಿ ತಂತುಗಳು ತೆರೆದು ಮುಚ್ಚುತ್ತಿದ್ದವು. ಸಿರಿಂಜಿನಲ್ಲಿದ್ದುದನ್ನು ಮೊದಲು ಅವುಗಳ ಮೇಲೆ, ಆಮೇಲೆ ಕೆಳಗೆ, ಮಂಜು ಬಿದ್ದಂತೆ ಸಿಂಪಡಿಸಿದೆ. ಸ್ವಲ್ಪ ಕಾಯಬೇಕು, ಔಷಧ ಹಿಡಿಯಬೇಕು. ಈ ಕಾಯುವುದಿದೆಯಲ್ಲ, ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಸರ್ಜನ್ನು ದೂರ್ಬೀನಿನ ಕೊಳವೆ ಇಳಿಸಿದರು. ಅರ್ಧಕ್ಕೆ ಹೋಗುವಷ್ಟರಲ್ಲಿ ಕೂಸು ಸಣ್ಣಗೆ ಕೆಮ್ಮಿತು, ತಂತುಗಳು ಅದುರಿದವು.

"ಮ್ಯಾಡಮ್, ಅಜೂನ್ ಥೋಡಾ ಮಾರಾ." ಇನ್ನೊಂಚೂರು ಹೊಡೆಯಿರಿ ಎಂದು.

"ಸಂಪಲಂ" ಎಂದೆ. ಮುಗಿಯಿತು, ಇಲ್ಲ.

"ಒಂದೇ ಒಂದು ಚೂರು!"

ಖಾಲಿ ಸಿರಿಂಜನ್ನು ಅವರ ಕಣ್ಣಿಗೆ ಕಾಣುವಂತೆ ಎತ್ತಿ ಹಿಡಿದೆ. ಅವರು ನರ್ಸಿನ ಕಡೆ ನೋಡಿದರು, ನರ್ಸು ನನ್ನ ಕಡೆ ನೋಡಿದಳು. ಬಾಟಲಿ ಆಗಲೇ ಹೊರಗೆ ಹೋಗಿತ್ತು. ಸರ್ಜನ್ನು ಮಾಸ್ಕಿನೊಳಗೇ ಏನೋ ಗೊಣಗಿದರು. ಅದು ನನ್ನ ಕುಲಕೋಟಿಯ ಬಗ್ಗೆ ಇದ್ದರೂ ಇದ್ದೀತು, ಅನ್ನಲಿ. ನಾನು ಗಾಳಿಯ ಔಷಧವನ್ನು ಸ್ವಲ್ಪ ಏರಿಸಿ, "ಥಾಂಬಾ, ತಡೆಯಿರಿ" ಎಂದೆ. ನಿಂತೆವು. ಯಂತ್ರದ ಟುಯ್ ಟುಯ್ ಸದ್ದು ಕೇಳುತ್ತ, ಕೂಸಿನ ಎದೆ ಏರುವುದನ್ನು ಇಳಿಯುವುದನ್ನು ನೋಡುತ್ತ ನಿಂತೆವು. ನನ್ನ ಚಪ್ಪಲಿಯೊಳಗೆ ಕಾಲ್ಬೆರಳುಗಳು ಮಾತ್ರ ಕುಣಿಯುತ್ತಿದ್ದವು. ಅದುರು ನಿಂತಿತು. ಈ ಸಲ ಕೊಳವೆ ಸಲೀಸಾಗಿ ಇಳಿಯಿತು. ಇಕ್ಕಳದಲ್ಲಿ ಶೇಂಗಾದ ಒಂದು ಬೇಳೆ ಬಂತು. ಮತ್ತೆ ಹೋಗಿ ಇನ್ನೊಂದು ಬೇಳೆ. ಒದ್ದೆಯಾಗಿ ಉಬ್ಬಿದ್ದವು. ಇಷ್ಟೇ ಇಷ್ಟು ವಸ್ತುವಿಗೆ ಮೂರು ಜನರ ಕುಟುಂಬ ಎರಡು ದಿನದಿಂದ ಉಸಿರು ಹಿಡಿದು ಕೂತಿತ್ತು.

ಕೂಸು ಎಚ್ಚರವಾಗಿ ಒಡೆದ ದನಿಯಲ್ಲಿ ಅಳತೊಡಗಿದಾಗ ನನಗೆ ಆದ ಸುಖವನ್ನು ಏನೆಂದು ಹೇಳಲಿ! ಅಳುವ ಕೂಸು ಉಸಿರಾಡುವ ಕೂಸು. ಹೊರಗೆ ತಂದು ಅದರ ಅವ್ವನ ತೊಡೆಯ ಮೇಲೆ ಹಾಕಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಉಸಿರಿನ ಸದ್ದು ತಿಳಿಯಾಗುವ ತನಕ ಪಕ್ಕದಲ್ಲೇ ಸುಳಿದಾಡಿದೆ. ಆಮೇಲೆ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡೆ.

"ನೋಡ್ರಿ ಅವ್ವಾರ, ಗಂಟಲಾಗ ಔಷಧ ಹೊಡದೀನಿ, ಜೋಮು ಹಿಡದದ. ಈಗ ಏನ ನುಂಗಿದ್ರೂ ಅನ್ನದ ದಾರಿ ಬಿಟ್ಟು ಉಸಿರಿನ ದಾರಿಗೆ ಇಳೀತದ. ಒಳಗ ಇಳದದ್ದು ಕೂಸಿಗೆ ತಿಳಿಯೂದಿಲ್ಲ, ಕೆಮ್ಮೂದು ಸೈತ ಇಲ್ಲ. ಮತ್ತ ಶೇಂಗಾದ ಕಥಿನ. ಸಿಸ್ಟರ್ ಬಂದು ನೋಡಿ, ಇನ್ನ ಕೊಡ್ರಿ ಅನ್ನೂ ತನಕ ಏನೂ ಬ್ಯಾಡ. ಹಾಲು ಬ್ಯಾಡ, ನೀರು ಬ್ಯಾಡ, ಬಿಸ್ಕೀಟು ಬ್ಯಾಡ."

"ಇಲ್ರಿ."

"ತೀರ್ಥನೂ ಬ್ಯಾಡ."

ಅಜ್ಜಿ ನಕ್ಕಳು. "ಆತ್ರಿ, ತೀರ್ಥನೂ ಇಲ್ರಿ. ನಿಮ್ಮ ಮಾತು ಮೀರತೀವೇನ್ರಿ? ನೀವು ನಮ್ಮ ಪಾಲಿನ ದೇವ್ರು."

ನರ್ಸಿಗೂ ಹೇಳಿದೆ. ಅವಳ ಕೈಯಲ್ಲಿ ಆಗಲೇ ಇನ್ನೊಂದು ಪೇಷಂಟಿನ ಕಾಗದಗಳಿದ್ದವು. ಅತ್ತ ಧನಕವಡಿಯ ನರ್ಸಿಂಗ್ ಹೋಮಿನಿಂದ ಫೋನು ಬರತೊಡಗಿತ್ತು, ಒಬ್ಬ ಕಾಲೇಜು ಹುಡುಗನ ಅಪೆಂಡಿಕ್ಸು ಕಾದಿತ್ತು. ನಾನು ಬ್ಯಾಗು ಎತ್ತಿಕೊಂಡು ಬಾಗಿಲು ದಾಟುವಾಗ ಹಿಂದೆ ಅಜ್ಜಿ ಮಗನಿಗೆ ಹೇಳುವುದು ಕೇಳಿಸಿತು: "ಓಡು, ಪೇಢೆ ತೊಗೊಂಬಾ. ಛಲೋ ಅಂಗಡಿದು ತಾ." ಆಸ್ಪತ್ರೆಯವರಿಗೆಲ್ಲ ಹಂಚುತ್ತಾರೆ ಪಾಪ, ಎಂದುಕೊಂಡು ಲಿಫ್ಟು ಹತ್ತಿದೆ.

ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಸಾತಾರಾ ಕಡೆಯ ಬಸ್ಸುಗಳು, ರಿಕ್ಷಾಗಳು, ಎಲ್ಲರೂ ಹಾರ್ನು ಹೊಡೆಯುತ್ತಿದ್ದರು, ನಾನೂ ಹೊಡೆಯುತ್ತಿದ್ದೆ. ಯಾಕೋ ಸಮಾಧಾನವಿರಲಿಲ್ಲ. ಏನೋ ಬಿಟ್ಟು ಬಂದಂತೆ. ಬ್ಯಾಗು ಹಿಂದೆ ಇತ್ತು. ಕನ್ನಡಕ ಮೂಗಿನ ಮೇಲಿತ್ತು. ಕೂಸಿನ ಉಸಿರು ಸರಿಯಿತ್ತು, ಬಣ್ಣ ಸರಿಯಿತ್ತು, ಔಷಧ ಅಳತೆಯಲ್ಲೇ ಇತ್ತು. ಹಾಲು ಎಂದೆ, ನೀರು ಎಂದೆ, ಬಿಸ್ಕೀಟು ಎಂದೆ, ತೀರ್ಥ ಎಂದೆ. ಮತ್ತೇನು?

ಪೇಢೆ.

ಪೇಢೆ ಮೊದಲು ಹಂಚುವುದು ಆಸ್ಪತ್ರೆಯವರಿಗೇನು? ನಮ್ಮ ಮನೆಗಳಲ್ಲಿ ಪರೀಕ್ಷೆ ಪಾಸಾದರೆ ಪಾಸಾದವರ ಬಾಯಿಗೆ, ಮದುವೆ ಗೊತ್ತಾದರೆ ಮದುವೆಯಾಗುವವಳ ಬಾಯಿಗೆ. ಯಾರ ಸಲುವಾಗಿ ಸಂತೋಷವೋ ಮೊದಲ ಚೂರು ಅವರ ಬಾಯಿಗೆ. ಅವರು ಬೇಡವೆಂದರೂ ಗಲ್ಲ ಹಿಡಿದು ತುರುಕುತ್ತಾರೆ. ನಾನು ಡಾಕ್ಟರ್ ಪಾಸಾದ ದಿನ ನಮ್ಮ ಅಜ್ಜಿ, ಹಲ್ಲುನೋವಿಗೆ ಬಾಯಿ ತೆರೆಯಲಾಗದೆ ಒದ್ದಾಡುತ್ತಿದ್ದ ನನ್ನ ತುಟಿಯ ನಡುವೆ ಪೇಢೆ ಒತ್ತಿದ್ದಳು. ಅದು ತಿನಿಸಲ್ಲ, ಊಟವಲ್ಲ, ಬಾಯಿ ಸಿಹಿ ಅಷ್ಟೇ. ತೀರ್ಥ ನೀರಲ್ಲ ಎನ್ನುವ ಹೆಂಗಸಿಗೆ ಪೇಢೆ ತಿನಿಸು ಹೇಗಾದೀತು? ನುಣ್ಣಗೆ ಪುಡಿಯಾಗುವ, ನಾಲಿಗೆಗೆ ಅಂಟುವ, ಮರಗಟ್ಟಿದ ಗಂಟಲಿನಿಂದ ಸದ್ದಿಲ್ಲದೆ ಕೆಳಗಿಳಿಯುವ ಪೇಢೆ!

ವಾರ್ಡಿಗೆ ಫೋನು ಹಚ್ಚಿದೆ. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎಂಗೇಜು. ಅಪ್ಪನ ನಂಬರು ನನ್ನ ಹತ್ತಿರ ಇರಲಿಲ್ಲ. ಹಸಿರು ಬಿತ್ತು. ಮುಂದೆ ಹೋಗಬೇಕಾದವಳು ಕಾರನ್ನು ಬಲಕ್ಕೆ ಒತ್ತಿದೆ. ಪಕ್ಕದ ರಿಕ್ಷಾದವನು ತಲೆ ಹೊರಹಾಕಿ ನನ್ನ ಡ್ರೈವಿಂಗನ್ನು ನನ್ನ ವಯಸ್ಸಿನ ಜತೆ ಸೇರಿಸಿ ಮರಾಠಿಯಲ್ಲಿ ಹೊಗಳಿದ. ಧನಕವಡಿಯ ಸರ್ಜನ್ನಿನ ಫೋನು ಬಂತು: "ಕುಠೇ ಆಹಾತ ಮ್ಯಾಡಮ್?" ಎಲ್ಲಿದ್ದೀರಿ ಎಂದು. "ಹಿಂದಕ್ಕೆ ಹೊರಟಿದ್ದೇನೆ" ಎಂದೆ. "ಹಿಂದಕ್ಕೆ ಅಂದರೆ?" "ಹಿಂದಕ್ಕೆ ಅಂದರೆ ಹಿಂದಕ್ಕೆ, ಅಪೆಂಡಿಕ್ಸು ಇನ್ನೂ ಒಡೆದಿಲ್ಲವಲ್ಲ, ಕಾಯಲಿ!" ಎಂದು ಕೂಗಿ ಇಟ್ಟೆ. ಅವರು ಇನ್ನೆಂದೂ ನನ್ನನ್ನು ಕರೆಯಲಿಕ್ಕಿಲ್ಲ ಅನ್ನಿಸಿತು. ಕರೆಯದಿದ್ದರೆ ಬಿಡಲಿ.

ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಎಲ್ಲವನ್ನೂ ಅಜ್ಜಿಗೇ ಹೇಳಿದೆನಲ್ಲ! ಕನ್ನಡ ಸಿಕ್ಕಿತೆಂದು, ಮಾತಿಗೆ ಮಾತು ಕೊಟ್ಟಳೆಂದು, "ದೇವ್ರು" ಎಂದಳೆಂದು ಉಬ್ಬಿ, ಕೂಸಿನ ಅವ್ವನ ಕಡೆ ತಿರುಗಿ ಒಂದು ಮಾತು ಆಡಲಿಲ್ಲ. ಅವಳು ಅಲ್ಲೇ ಕೂತಿದ್ದಳು, ನೆಲ ನೋಡುತ್ತ. ಕೇಳಿಸಿಕೊಂಡಳೋ ಇಲ್ಲವೋ. ಕೇಳಿಸಿಕೊಂಡರೂ ಆ ಮೂಕಿ ಅತ್ತೆಯ ಕೈಗೆ ಅಡ್ಡ ಬರುವವಳೇ? ಲಿಫ್ಟು ಮೇಲೆಲ್ಲೋ ನಿಂತಿತ್ತು. ಮೆಟ್ಟಿಲು ಹತ್ತಿದೆ. ಮೊಣಕಾಲು ನೋವು ಎಂದು ಅವ್ವನಿಗೆ ದಿನಾ ಹೇಳುವ ನಾನು ಆವತ್ತು ಹೇಗೆ ಹತ್ತಿದೆನೋ ದೇವರೇ ಬಲ್ಲ.

ವಾರ್ಡಿನ ಬಾಗಿಲಲ್ಲೇ ಅಜ್ಜಿಯ ದನಿ ಕೇಳಿಸಿತು.

"ಬಿಡಂದ್ರ ಬಿಡವಾ! ಉಗುರಿನಷ್ಟು. ನಾಲಿಗಿಗೆ ಹಚ್ಚತೀನಿ ಅಷ್ಟ. ಸಾವಿನ ಬಾಯಿಂದ ಬಂದ ಕೂಸು, ಬಾಯಿ ಸಿಹಿ ಮಾಡಬ್ಯಾಡೇನು? ನಾ ಏನ ವಿಷಾ ಹಾಕಾಕತ್ತೀನೇನು?"

ಒಳಗೆ ಹೋದೆ. ಮಂಚದ ಮೇಲೆ ಪೇಢೆಯ ಪೊಟ್ಟಣ ಬಿಚ್ಚಿ ಇಟ್ಟಿತ್ತು. ಅಜ್ಜಿ ಒಂದು ಚೂರನ್ನು ಮೂರು ಬೆರಳಿನಲ್ಲಿ ಹಿಡಿದು ಬಗ್ಗಿದ್ದಳು. ಮಗ ಎರಡೂ ಕಡೆ ನೋಡುತ್ತ ಗೋಡೆಗೆ ಒರಗಿದ್ದ. ಸೊಸೆ ಕೂಸನ್ನು ಎಡಗೈಯಲ್ಲಿ ಒತ್ತಿಕೊಂಡು, ಬಲ ಅಂಗೈಯನ್ನು ಕೂಸಿನ ಬಾಯಿಯ ಮುಂದೆ, ಮುಟ್ಟದೆ, ಗಿಂಡಿಯ ಮುಚ್ಚಳದ ಹಾಗೆ ಅಡ್ಡ ಹಿಡಿದಿದ್ದಳು. ಅವಳ ಮುಂಗೈಯ ಮೇಲೆಲ್ಲ ಪೇಢೆಯ ಪುಡಿ. ಅತ್ತೆ ಒಂದು ಸಲ ಪ್ರಯತ್ನ ಮಾಡಿ ಸೋತದ್ದಲ್ಲ ಅದು, ಬಹಳ ಸಲ ಮಾಡಿದ್ದು. ಕೂಸಿನ ತುಟಿ ನೋಡಿದೆ, ಒಣಗಿತ್ತು, ಶುದ್ಧವಾಗಿತ್ತು. ಬೆರಳಿನ ಕ್ಲಿಪ್ಪಿನ ಅಂಕಿ ನೋಡಿದೆ, ಎದೆಗೆ ಸ್ಟೆತಾಸ್ಕೋಪು ಹಚ್ಚಿ ಕೇಳಿದೆ. ಎರಡೂ ಕಡೆ ಗಾಳಿ ಚೆನ್ನಾಗಿ ಆಡುತ್ತಿತ್ತು. ಮಂಚದ ತುದಿಗೆ ಕೂತುಬಿಟ್ಟೆ.

"ಬಂದ್ರೇನ್ರಿ ಬಾಯಾರ! ನೀವರ ಹೇಳ್ರಿ ಇಕಿಗೆ" ಎಂದು ಅಜ್ಜಿ ದೂರು ಶುರು ಮಾಡಿದಳು. "ಅಜ್ಜಿ ಕೈಯಾಗಿನ ಪೇಢೆ ತಡಿಯೂ ಸೊಸಿನ್ನ ಎಲ್ಲ್ಯರ ನೋಡೀರೇನು?"

ಆಗ ಸೊಸೆ ಬಾಯಿ ಬಿಟ್ಟಳು. ಎರಡು ದಿನದ ಮೇಲೆ ಬಿಟ್ಟ ಬಾಯಿ, ದನಿ ಕೂಸಿನ ದನಿಯ ಹಾಗೇ ಒಡೆದಿತ್ತು. ನನ್ನ ಕಡೆ ನೋಡಿ ಹೇಳಿದಳೇ ಹೊರತು ಅತ್ತೆಯ ಕಡೆ ನೋಡಲಿಲ್ಲ. "ನೀವು ಹೇಳಿದ್ರೆಲ್ರಿ, ಸಿಸ್ಟರ್ ಬಂದು ಹೇಳೂ ತನಕ ಏನೂ ಬ್ಯಾಡ ಅಂತ. ಸಿಸ್ಟರ್ ಇನ್ನೂ ಬಂದಿಲ್ರಿ." ಕೂಸನ್ನು ಇನ್ನಷ್ಟು ಒತ್ತಿಕೊಂಡು, "ಒಂದ ಸಲ ಕಣ್ಣ ತಪ್ಪಿಸೀನ್ರಿ. ಇನ್ನ ತಪ್ಪಸೂದಿಲ್ಲ" ಎಂದಳು.

ಅಜ್ಜಿಯ ಕೈ ಅಲ್ಲೇ ನಿಂತಿತು. ನಾನು ಅಜ್ಜಿಗೆ ಬೈಯಬೇಕೆಂದು ಮೆಟ್ಟಿಲುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯಿತು. ಆ ಮುದುಕಿಯ ಕಣ್ಣಲ್ಲಿ ನೀರಿತ್ತು. ಅವಳಿಗೆ ಕೂಸಿನ ಮೇಲೆ ಪ್ರೀತಿ ಕಡಿಮೆ ಇತ್ತೇ? ಆ ಪ್ರೀತಿಯೇ ಆ ಮೂರು ಬೆರಳಿನ ನಡುವೆ ಇತ್ತು, ಅದೇ ಕೂಸನ್ನು ಕೊಲ್ಲಲಿಕ್ಕೂ ಸಾಕಾಗಿತ್ತು.

"ಅವ್ವಾರ, ಈ ಹುಡಿಗಿ ಊಟ ಮಾಡಿ ಎಷ್ಟು ಹೊತ್ತಾತ್ರಿ?" ಎಂದು ಕೇಳಿದೆ.

ಅಜ್ಜಿ ಯೋಚಿಸಿದಳು. "ಕೂಸು ಉಣ್ಣಲಾರದ್ದಕ್ಕ ಅಕಿನೂ ಉಂಡಿಲ್ಲ ಕಾಣ್ತದ" ಎಂದಳು ಮೆಲ್ಲಗೆ. ಆ ಮಾತು ಆಡಿದ ಮೇಲೆ ಅದು ಅವಳಿಗೇ ಕೇಳಿಸಿತೇನೋ.

"ಹಂಗಾರ ಯಾರ ಬಾಯಿ ಸಿಹಿ ಮಾಡಬೇಕಿತ್ರಿ ಮೊದಲ?"

ವಾರ್ಡಿನಲ್ಲಿ ಯಾರೋ ಟ್ರಾಲಿ ಎಳೆದುಕೊಂಡು ಹೋದರು. ಅಜ್ಜಿ ಕೈಯಲ್ಲಿದ್ದ ಚೂರನ್ನು ಪೊಟ್ಟಣಕ್ಕೆ ಹಾಕಿ, ಒಂದು ಇಡೀ ಪೇಢೆ ಎತ್ತಿಕೊಂಡಳು. ಸೊಸೆಯ ಗಲ್ಲ ಹಿಡಿದಳು, ನಮ್ಮ ಅಜ್ಜಿ ಹಿಡಿಯುತ್ತಿದ್ದ ಹಾಗೆ, ಬೇಡವೆನ್ನಲು ಎಡೆಯೇ ಇಲ್ಲದಂತೆ. "ತಿನ್ನವಾ" ಎಂದಳು. "ತಿನ್ನು, ಬಾಯಿ ತೆರಿ."

ಸೊಸೆ ಬಾಯಿ ತೆರೆದಳು. ಪೇಢೆ ಬಾಯಿಗೆ ಬಿದ್ದದ್ದೇ ಗಳಗಳ ಅಳತೊಡಗಿದಳು, ಅಳುತ್ತಲೇ ಅಗಿದಳು. ಕೂಸಿನ ಬಾಯಿಯ ಮುಂದೆ ಹಿಡಿದ ಕೈಯನ್ನು ಮಾತ್ರ ತೆಗೆಯಲಿಲ್ಲ.